ಕಾಂಗ್ ಯಾತ್ಸೆ ಹತ್ತಿದವರು ಡೆನಾಲಿಗೆ ಹೋಗಬಹುದಾ?

ಪ್ರಶ್ನೆ: ನಮಸ್ಕಾರ ಸರ್. ಮನಾಲಿಯಲ್ಲಿ ಪರ್ವತಾರೋಹಣದ ಬೇಸಿಕ್ ಕೋರ್ಸ್ ಮುಗಿಸಿದ್ದೇನೆ. ಕಳೆದ ವರ್ಷ ಲಡಾಖಿನ ಕಾಂಗ್ ಯಾತ್ಸೆ-2 (6,250 ಮೀ.) ಹತ್ತಿದೆ. ಅಲಾಸ್ಕಾದ ಡೆನಾಲಿ 6,190 ಮೀಟರ್ ಅಂತೆ. ಮುಂದಿನ ಜೂನ್‌ನಲ್ಲಿ ಹೋಗಬಹುದಾ?

ಉತ್ತರ (ಪರ್ವತಾರೋಹಣ ಗೈಡ್): ಆಸೆ ಒಳ್ಳೆಯದೇ, ಆದರೆ ಬರೀ ಎತ್ತರ ನೋಡಿ ಲೆಕ್ಕ ಹಾಕಬೇಡಿ. ಲೇಹ್ ಇರುವುದು 34 ಡಿಗ್ರಿ ಅಕ್ಷಾಂಶದಲ್ಲಿ, ಡೆನಾಲಿ 63ರಲ್ಲಿ. ಧ್ರುವದ ಕಡೆ ಹೋದಷ್ಟೂ ಗಾಳಿಯ ಒತ್ತಡ ಕಮ್ಮಿ. ಅದೇ ಎತ್ತರದಲ್ಲೂ ಅಲ್ಲಿ ಉಸಿರಾಡುವುದು ಹೆಚ್ಚು ಕಷ್ಟ. ಮೇಲಿನ ಕ್ಯಾಂಪಿನಲ್ಲಿ ಮೈನಸ್ 30 ಡಿಗ್ರಿ ಚಳಿಗೂ ತಯಾರಿರಬೇಕು.

ಇನ್ನೊಂದು ದೊಡ್ಡ ವ್ಯತ್ಯಾಸ ಹೊರೆ. ಕಾಂಗ್ ಯಾತ್ಸೆಗೆ ಬೇಸ್ ಕ್ಯಾಂಪ್ ತನಕ ಸಾಮಾನು ಹೊತ್ತದ್ದು ಕುದುರೆಗಳು, ಅಲ್ವಾ? ಡೆನಾಲಿಯಲ್ಲಿ ಕುದುರೆಯೂ ಇಲ್ಲ, ಪೋರ್ಟರೂ ಇಲ್ಲ. ಟಾಕೀಟ್ನಾ ಊರಿನಿಂದ ಪುಟ್ಟ ವಿಮಾನ ನಿಮ್ಮನ್ನು ಕಹಿಲ್ಟ್ನಾ ಹಿಮನದಿಯ ಮೇಲೆ, ಸುಮಾರು 2,200 ಮೀಟರ್ ಎತ್ತರದಲ್ಲಿ ಇಳಿಸಿ ಹೋಗುತ್ತದೆ. ಅಲ್ಲಿಂದ ಸುಮಾರು ಮೂರು ವಾರದ ಊಟ, ಇಂಧನ, ಟೆಂಟ್ ಎಲ್ಲ ನಿಮ್ಮದೇ. ಒಬ್ಬೊಬ್ಬರಿಗೆ 50 ಕೆ.ಜಿ.ಗೂ ಜಾಸ್ತಿ ಆಗುತ್ತದೆ. ಅರ್ಧ ಬೆನ್ನ ಮೇಲೆ, ಅರ್ಧ ಹಿಂದೆ ಎಳೆಯುವ ಸ್ಲೆಡ್ಡಿನಲ್ಲಿ. ಮೇಲೆ ಹೋಗುತ್ತಾ ಒಂದು ಪಾಲು ಸಾಮಾನನ್ನು ಮುಂದಿನ ಜಾಗದಲ್ಲಿ ಹೂತಿಟ್ಟು, ಕೆಳಗೆ ಬಂದು ಮಲಗಿ, ಮರುದಿನ ಉಳಿದದ್ದನ್ನು ಒಯ್ಯಬೇಕು. ಆಳವಾಗಿ ಹೂಳಿ. ಕಾಡುಕಾಗೆಗಳು ಹಿಮ ಕೆದಕಿ ಊಟವನ್ನೆಲ್ಲ ತಿಂದುಬಿಡುತ್ತವೆ.

ಮುಂದಿನ ಜೂನ್ ಬೇಡ. ಮೊದಲು ಅಡ್ವಾನ್ಸ್ ಕೋರ್ಸ್ ಮಾಡಿ. ಹಿಮನದಿಯ ಆಳದ ಬಿರುಕಿಗೆ ಬಿದ್ದವರನ್ನು ಹಗ್ಗ ಹಾಕಿ ಎತ್ತುವುದು ಕೈಗೆ ಕೂತಿರಬೇಕು.

ಪ್ರಶ್ನೆ (ಇನ್ನೊಬ್ಬರು): ಗೈಡ್ ಜೊತೆ ಹೋದರೂ ಇದೆಲ್ಲ ಬೇಕಾ? ಅತಿ ಅಪಾಯದ ಜಾಗ ಯಾವುದು?

ಉತ್ತರ: ಬೇಕು ಮೇಡಂ. ಒಂದೇ ಹಗ್ಗಕ್ಕೆ ಕಟ್ಟಿಕೊಂಡ ಮೇಲೆ ಗೈಡ್ ಬಿರುಕಿಗೆ ಬಿದ್ದರೆ ಎತ್ತಬೇಕಾದವರು ನೀವೇ. ಕೆಳಗಿನ ಹಿಮನದಿಯಲ್ಲಿ ಜೂನ್ ಹೊತ್ತಿಗೆ ರಾತ್ರಿ ನಡೆಯುವುದು ಕ್ಷೇಮ. ಆಗ ಬಿರುಕಿನ ಮೇಲಿನ ಹಿಮ ಗಟ್ಟಿಯಾಗಿರುತ್ತದೆ. ಕತ್ತಲೆಯ ಭಯವಿಲ್ಲ, ಆ ತಿಂಗಳು ಅಲ್ಲಿ ಪೂರ್ತಿ ಕತ್ತಲಾಗುವುದೇ ಇಲ್ಲ.

ನನಗೆ ಅತಿ ಹೆದರಿಕೆ ಡೆನಾಲಿ ಪಾಸ್‌ನ ಅಡ್ಡ ಇಳಿಜಾರು. ಇದು 5,240 ಮೀಟರಿನ ಕೊನೆಯ ಕ್ಯಾಂಪಿಗಿಂತ ಮೇಲೆ ಇದೆ. ತುದಿ ಮುಟ್ಟಿ ಸುಸ್ತಾಗಿ ಇಳಿಯುವಾಗ ಕ್ರ್ಯಾಂಪಾನ್ (ಬೂಟಿಗೆ ಕಟ್ಟುವ ಲೋಹದ ಮುಳ್ಳುಗಳು) ಎಡವಿ ಜಾರಿ ಹಲವರು ಸತ್ತಿದ್ದಾರೆ. ಅಲ್ಲಿ ಹಗ್ಗವನ್ನು ಹಿಮದಲ್ಲಿ ಗಟ್ಟಿಯಾಗಿ ನೆಟ್ಟ ಆಂಕರ್‌ಗೆ ಸಿಕ್ಕಿಸಿಕೊಂಡೇ ನಡೆಯಿರಿ. ಎಷ್ಟೇ ತಡವಾಗಲಿ.

ಅಂದಹಾಗೆ, ಹೊರಡುವ 60 ದಿನ ಮೊದಲೇ ಡೆನಾಲಿ ನ್ಯಾಷನಲ್ ಪಾರ್ಕಿನಲ್ಲಿ ನೋಂದಣಿ ಆಗಬೇಕು. ವೀಸಾ ಕೆಲಸ ಅದಕ್ಕೂ ಮುಂಚೆ ಶುರು ಮಾಡಿ.