ಅಪ್‌ಡೇಟ್: ಅಗ್ಗದ ಎಲ್‌ಸಿಆರ್ ಮೀಟರ್ ಹಾದಿಗೆ ಬಂತು

ಬದಿಯಡ್ಕದ ನನ್ನ ರಿಪೇರಿ ಮೇಜಿನ ಎಲ್‌ಸಿಆರ್ ಮೀಟರ್ (ಕಾಯಿಲ್, ಕೆಪಾಸಿಟರ್, ರೆಸಿಸ್ಟರುಗಳ ಮೌಲ್ಯ ಅಳೆಯುವ ಉಪಕರಣ) 22 ಪಿಕೋಫ್ಯಾರಡ್ ಸೆರಾಮಿಕ್ ಕೆಪಾಸಿಟರನ್ನು 27 ಎನ್ನುತ್ತದೆ, 1000 ಮೈಕ್ರೋಫ್ಯಾರಡ್ ಎಲೆಕ್ಟ್ರೋಲಿಟಿಕ್‌ಗೆ ಬಾಯಿಗೆ ಬಂದ ಲೆಕ್ಕ ಹೇಳುತ್ತದೆ, ಏನು ಮಾಡಲಿ ಎಂದು ಕೇಳಿದ್ದೆ. ಉತ್ತರಿಸಿದವರಿಗೆಲ್ಲ ವಂದನೆಗಳು, ಎರಡೂ ಬಗೆಹರಿದವು.

ಆ ಹೆಚ್ಚುವರಿ 5 ಪಿಕೋಫ್ಯಾರಡ್ ಮೀಟರಿನ ಕ್ಲಿಪ್ ತಂತಿಗಳದ್ದೇ. ಅಳೆಯುವಾಗ ಇರುವಷ್ಟೇ ಅಂತರದಲ್ಲಿ ಕ್ಲಿಪ್‌ಗಳನ್ನು ಬಿಡಿಸಿಟ್ಟು ಓಪನ್, ಬಳಿಕ ಗಿಡ್ಡ ದಪ್ಪ ತಾಮ್ರದ ತಂತಿಗೆ ಕಚ್ಚಿಸಿ ಶಾರ್ಟ್ ಕ್ಯಾಲಿಬ್ರೇಶನ್ ಮಾಡಿದೆ, ಅಂದರೆ ತಂತಿಗಳ ಪಾಲನ್ನು ಮೀಟರ್ ತಾನೇ ಕಳೆದು ತೋರಿಸುವಂತೆ ಹೊಂದಿಸಿದೆ. ಅಂಕಿ 22.3ಕ್ಕೆ ಇಳಿಯಿತು. ಆದರೂ ತಂತಿಯನ್ನು ಮೇಜಿನ ಮೇಲೆ ತುಸು ಸರಿಸಿದರೆ ಸಾಕು, ಕೊನೆಯ ಅಂಕಿ ಕುಣಿಯುತ್ತದೆ. ಹಾಗಾಗಿ ಇಂಥ ಸಣ್ಣ ಕೆಪಾಸಿಟರುಗಳನ್ನು ಈಗ ಮೀಟರಿನ ಸಾಕೆಟ್‌ಗೇ ನೇರವಾಗಿ ಸಿಕ್ಕಿಸುತ್ತೇನೆ.

ಎಲೆಕ್ಟ್ರೋಲಿಟಿಕ್‌ನದು ಮೀಟರ್ ಅಳೆಯಲು ಬಳಸುವ ಆವರ್ತನದ ತಕರಾರು. 10 ಕಿಲೋಹರ್ಟ್ಸ್‌ನಿಂದ 100 ಹರ್ಟ್ಸ್‌ಗೆ ಇಳಿಸಿ, ಸರಣಿ ಮೋಡ್‌ಗೆ (ಕೆಪಾಸಿಟರಿನ ಒಳಗಿನ ರೋಧವನ್ನು ಅದರೊಂದಿಗೆ ಸರಣಿಯಲ್ಲಿರುವಂತೆ ಲೆಕ್ಕ ಹಾಕುವ ಕ್ರಮ) ಹಾಕಿದಾಗ 930 ಮೈಕ್ರೋಫ್ಯಾರಡ್ ಬಂತು. ಮೈಮೇಲೆ ಮುದ್ರಿಸಿದ ಮೌಲ್ಯದಿಂದ ಶೇಕಡಾ 20ರಷ್ಟು ಆಚೀಚೆ ಇರುವುದು ಈ ಜಾತಿಗೆ ಸಹಜವೇ.

ಅಳೆಯುವ ಮೊದಲು ಡಿಸ್ಚಾರ್ಜ್ ಮಾಡಿ ಎಂದವರ ಮಾತನ್ನು ನಮ್ಮ ಕಡೆಯ ಪಂಪ್ ರಿಪೇರಿಯವರು ಗೋಡೆಗೆ ಅಂಟಿಸಿಕೊಳ್ಳಬೇಕು. ತೋಟದ ಪಂಪಿನ ಕೆಪಾಸಿಟರಿನಲ್ಲಿ ಉಳಿದ ಚಾರ್ಜು ಮೀಟರನ್ನೇ ಸುಡಬಲ್ಲದು. ಒಳ್ಳೆಯ ಕೆಲ್ವಿನ್ ಕ್ಲಿಪ್ (ನಾಲ್ಕು ತಂತಿಗಳಿಂದ ಅಳೆಯುವ ಕ್ಲಿಪ್ ಜೋಡಿ) ಕೊಳ್ಳುವ ಸಲಹೆಯನ್ನು ಅಡಿಕೆ ಧಾರಣೆ ನೋಡಿಕೊಂಡು ಪರಿಶೀಲಿಸುತ್ತೇನೆ.