ಅಪ್‌ಡೇಟ್: ಹಳೆ ಕಂಪ್ಯೂಟರಿನ ವೈಫೈ ಕಾರ್ಡ್ ಯಾವುದೆಂದು ಗೊತ್ತಾಯಿತು

ಎಲ್ಲರಿಗೂ ನಮಸ್ಕಾರ. ಮುಲುಂಡಿನ ನಮ್ಮ ಮಕ್ಕಳ ಕನ್ನಡ ತರಗತಿಗೆ ಬಂದ ಹಳೆ ಕಂಪ್ಯೂಟರಿಗೆ ಉಬುಂಟು (ವಿಂಡೋಸ್ ಬದಲು ಹಾಕುವ ಲಿನಕ್ಸ್ ವ್ಯವಸ್ಥೆ) ಹಾಕಿದ ಮೇಲೆ ವೈಫೈ ಕಾಣಿಸುತ್ತಿಲ್ಲ, ಒಳಗೆ ಯಾವ ಕಾರ್ಡ್ ಇದೆ ಅಂತ ಬಿಚ್ಚದೆ ತಿಳಿಯೋದು ಹೇಗೆ ಎಂದು ಕೇಳಿದ್ದೆ. ಈಗ ವೈಫೈ ಚೆನ್ನಾಗಿ ನಡೆಯುತ್ತಿದೆ.

ಕೆಲಸಕ್ಕೆ ಬಂದದ್ದು ನನಗೆ ಉತ್ತರ ಕೊಟ್ಟ ಪುಣೆಯ ಅಣ್ಣ ಹೇಳಿದ, ಟರ್ಮಿನಲ್‌ನಲ್ಲಿ ಟೈಪ್ ಮಾಡುವ ಕಮಾಂಡ್ 'ಎಲ್‌ಎಸ್‌ಪಿಸಿಐ -ಎನ್‌ಎನ್‌ಕೆ'. ಎಲ್ಲವೂ ಇಂಗ್ಲಿಷಿನ ಚಿಕ್ಕ ಅಕ್ಷರ. ಪ್ರತಿ ಸಾಧನದ ಹೆಸರಿನ ಜೊತೆ ಗುರುತಿನ ಸಂಖ್ಯೆ ಬರುತ್ತದೆ, ಕೆಳಗೆ ಅದನ್ನು ಯಾವ ಡ್ರೈವರ್ (ಸಾಧನವನ್ನು ನಡೆಸುವ ಸಾಫ್ಟ್‌ವೇರ್) ನಡೆಸುತ್ತಿದೆ ಎಂಬ ಸಾಲು. ನಮ್ಮ ವೈಫೈ ಕಾರ್ಡಿಗೆ ಆ ಸಾಲೇ ಇರಲಿಲ್ಲ! ಸಂಖ್ಯೆ ಹಾಕಿ ಹುಡುಕಿದಾಗ ಬೇಕಾದ ಡ್ರೈವರ್ ಹೆಸರು ಸಿಕ್ಕಿತು. ಫೋನನ್ನು ಯುಎಸ್‌ಬಿ ಕೇಬಲ್‌ನಿಂದ ಜೋಡಿಸಿ, ಅದರ ಇಂಟರ್ನೆಟ್‌ನಲ್ಲೇ ಡ್ರೈವರ್ ಇಳಿಸಿಕೊಂಡೆ. ಅಣ್ಣ, ತುಂಬಾ ಥ್ಯಾಂಕ್ಸ್.

'ಎಲ್‌ಎಸ್‌ಯುಎಸ್‌ಬಿ' ಎಂಬ ಇನ್ನೊಂದು ಕಮಾಂಡ್ ನನಗೆ ಉಪಯೋಗವಾಗಲಿಲ್ಲ. ಅದು ಯುಎಸ್‌ಬಿಯಲ್ಲಿ ಇರೋದನ್ನು ಮಾತ್ರ ತೋರಿಸುತ್ತದೆ, ನಮ್ಮದು ಕಂಪ್ಯೂಟರಿನ ಒಳಗೇ ಕೂರುವ ಪಿಸಿಐ ಕಾರ್ಡ್ ಅಲ್ವಾ. ಹೊರಗಿನಿಂದ ಯುಎಸ್‌ಬಿಗೆ ಚುಚ್ಚುವ ವೈಫೈ ಡಾಂಗಲ್ ಇರುವವರಿಗೆ ಅದೇ ಬೇಕು. 'ಎಲ್‌ಎಸ್‌ಎಚ್‌ಡಬ್ಲ್ಯೂ' ಜಾಸ್ತಿ ವಿವರ ಕೊಡುತ್ತದೆ, ಆದರೆ ಮುಂದೆ 'ಸುಡೊ' (ಅಡ್ಮಿನ್ ಅಧಿಕಾರದಿಂದ ನಡೆಸು ಎಂದರ್ಥ) ಹಾಕದಿದ್ದರೆ ಅರ್ಧಂಬರ್ಧ.

ಮೇಲೆ ಹೇಳಿದ ಗುರುತಿನ ಸಂಖ್ಯೆಗಳ ಮೊದಲ ನಾಲ್ಕು ಅಂಕಿ ತಯಾರಕರ ಗುರುತು. ಇಂಟೆಲ್‌ನದು 8086. 1978ರಲ್ಲಿ ಬಂದ ಅವರ ಪ್ರಸಿದ್ಧ ಪ್ರೊಸೆಸರಿನ ಹೆಸರೂ ಅದೇ! ನೋಡಿ ಖುಷಿಯಾಯಿತು.

ಇನ್ನೊಂದು ಲಾಭ: 'ಸುಡೊ ಡಿಎಂಐಡಿಕೋಡ್ -ಟಿ ಮೆಮೊರಿ' ಕೊಟ್ಟರೆ ರ‍್ಯಾಮ್ ಸ್ಲಾಟ್‌ಗಳ ವಿವರ ಬರುತ್ತದೆ. ನಮ್ಮದರಲ್ಲಿ ಒಂದು ಸ್ಲಾಟ್ ಖಾಲಿ ಇದೆ, ಇರೋದು ಡಿಡಿಆರ್3 ಬಗೆಯ ರ‍್ಯಾಮ್. ಮುಂಬೈಯ ಎಲೆಕ್ಟ್ರಾನಿಕ್ಸ್ ಮಾರ್ಕೆಟ್ ಲ್ಯಾಮಿಂಗ್ಟನ್ ರೋಡಿಗೆ ಹೋದಾಗ ಅದನ್ನೇ ಕೇಳಿ ತರುತ್ತೇನೆ.