ಏನು ಕಲಸಿದ್ರೂ ಹುರುಳಿ ಸಾರು! ಮಕ್ಕಳಿಗೆ ಬಣ್ಣ ಬೆರೆಸೋದು ಹೇಗೆ ಕಲಿಸಿದ್ರಿ?

ಕೇಳಿದವರು: ನಾಲ್ಕನೇ ಕ್ಲಾಸಿನ ಹುಡುಗಿಯ ಅಮ್ಮ, ವಿದ್ಯಾನಗರ, ದಾವಣಗೆರೆ

ನನ್ನ ಮಗಳಿಗೆ ಒಂಬತ್ತು ವರ್ಷ. ಹುಟ್ಟುಹಬ್ಬಕ್ಕೆ ಅವಳ ಸೋದರಮಾವ 24 ಬಣ್ಣದ ವಾಟರ್ ಕಲರ್ ಬಾಕ್ಸ್ ಕೊಡಿಸಿದಾರೆ. ಮೊನ್ನೆ ಅಜ್ಜಿಯ ಬದನೆಕಾಯಿ ಬಣ್ಣದ ಸೀರೆ ಬರೀತೀನಿ ಅಂತ ಕೂತಳು. ಕೆಂಪು, ನೀಲಿ ಸೇರಿದ್ರೆ ನೇರಳೆ ಅಂತ ಪುಸ್ತಕದಲ್ಲಿದೆ. ಇವಳು ಸೇರಿಸಿದ್ರೆ ಬಂದಿದ್ದು ಹುರುಳಿ ಸಾರು. ಸರಿ ಹೋಗುತ್ತೆ ಅಂತ ಇನ್ನಷ್ಟು ನೀಲಿ ಹಾಕಿದಳು, ಆಮೇಲೆ ಕೆಂಪು, ಆಮೇಲೆ ಬಿಳಿ. ತಿಕ್ಕಿ ತಿಕ್ಕಿ ಹಾಳೆ ತೂತು ಬಿತ್ತು. ಹರಿದು ಬಿಸಾಕಿ ಒಂದು ಗಂಟೆ ಅತ್ತಳು.

ನನಗೆ ಚಿತ್ರಕಲೆ ಗಂಧಗಾಳಿ ಇಲ್ಲ. ರಜೆ ಬಂತು, ಪಕ್ಕದ ಮನೆಯ ಮೂರು ಮಕ್ಕಳೂ ನಮ್ಮಲ್ಲೇ ಇರ್ತಾವೆ. ಬರೀ ಚಿತ್ರ ಬರೆಸೋದಲ್ಲ, ಕೈಯಲ್ಲಿ ಏನಾದ್ರೂ ಮಾಡ್ತಾ ಮಾಡ್ತಾ ಬಣ್ಣ ಅರ್ಥ ಆಗೋ ಹಾಗೆ ಏನು ಮಾಡಿಸಬಹುದು? ಮಾಡಿಸಿ ನೋಡಿದವರು ಹೇಳಿ. ವಿಡಿಯೋ ಲಿಂಕ್ ಬೇಡ ದಯವಿಟ್ಟು, ಅದು ನೋಡೋಕೆ ಕೂತ್ರೆ ಫೋನ್ ವಾಪಸ್ ಬರಲ್ಲ.

ನಿಟ್ಟುವಳ್ಳಿಯಿಂದ ಒಬ್ಬರು

24 ಬಣ್ಣದಲ್ಲಿ ನೇರಳೆ ಇದ್ದೇ ಇರುತ್ತಲ್ಲ ಅಕ್ಕ, ಅದನ್ನೇ ಹಚ್ಚಿದ್ರೆ ಆಯ್ತಪ್ಪ. ಇಷ್ಟಕ್ಕೆ ಯಾಕೆ ಅಳ್ಬೇಕು?

ಚಿತ್ರದುರ್ಗದಿಂದ, ನಿವೃತ್ತ ಚಿತ್ರಕಲಾ ಶಿಕ್ಷಕ

ಮೇಲಿನವರು ಹೇಳಿದ್ದನ್ನು ಮಾತ್ರ ಮಾಡಬೇಡಿ ತಾಯಿ. ಆ ಹುಡುಗಿ ಬೆರೆಸೋಕೆ ಹೊರಟಿದ್ದೇ ದೊಡ್ಡ ವಿಷಯ. ತಪ್ಪು ಅವಳದ್ದಲ್ಲ, ಕೆಂಪಿನದ್ದು.

ಬಾಕ್ಸ್ ತೆಗೆದು ನೋಡಿ. ಎರಡು ಕೆಂಪು ಇರುತ್ತವೆ. ಒಂದು ವರ್ಮಿಲಿಯನ್, ಹಣ್ಣು ಮೆಣಸಿನಕಾಯಿ ಥರದ್ದು. ಅದರ ಹೊಟ್ಟೆಯಲ್ಲಿ ಹಳದಿ ಇದೆ. ಇನ್ನೊಂದು ಕ್ರಿಮ್ಸನ್, ದಾಳಿಂಬೆ ರಸದ ಥರದ್ದು, ನೀಲಿ ಕಡೆಗೆ ವಾಲಿದ್ದು. ನೀಲಿಯೂ ಹಾಗೇ: ಪ್ರಷ್ಯನ್ ಬ್ಲೂ ಹಸಿರಿನ ನೆಂಟ, ಅಲ್ಟ್ರಾಮರೀನ್ ಕೆಂಪಿನ ನೆಂಟ. ನಿಮ್ಮ ಮಗಳು ಬಹುಶಃ ವರ್ಮಿಲಿಯನ್ ಜೊತೆ ಪ್ರಷ್ಯನ್ ಬ್ಲೂ ಸೇರಿಸಿದ್ದಾಳೆ. ಅವಳು ಎರಡು ಅಂದುಕೊಂಡಳು, ಒಳಗೊಳಗೇ ಹಳದಿಯೂ ಬಂದು ಮೂರಾಯಿತು. ಕೆಂಪು, ಹಳದಿ, ನೀಲಿ ಮೂರೂ ಕೂಡಿದರೆ ಕಂದೇ ಬರೋದು. ಈಗ ಕ್ರಿಮ್ಸನ್ ಜೊತೆ ಅಲ್ಟ್ರಾಮರೀನ್ ಹಾಕಿಸಿ ನೋಡಿ, ಅಜ್ಜಿ ಸೀರೆ ಬರದಿದ್ದರೆ ನನ್ನನ್ನು ಕೇಳಿ.

ಬಿಳಿ ಹಾಕಿದ್ದು ಎರಡನೇ ಎಡವಟ್ಟು. ವಾಟರ್ ಕಲರ್‌ನಲ್ಲಿ ಬಿಳಿ ಅಂದರೆ ಹಾಳೆ. ತಿಳಿ ಬಣ್ಣ ಬೇಕಾದರೆ ನೀರು ಹೆಚ್ಚಿಸಬೇಕು ಅಷ್ಟೆ. ಒಣಗಿದ ಮೇಲೆ ಇನ್ನೂ ಒಂದು ಸುತ್ತು ತಿಳಿಯಾಗುತ್ತೆ ಅನ್ನೋದೂ ಲೆಕ್ಕದಲ್ಲಿರಲಿ. ಇನ್ನು ಹಸಿರು ಮಾಡುವಾಗ ಮೊದಲು ಹಳದಿ ಬಟ್ಟಲಲ್ಲಿ ಇರಬೇಕು, ನೀಲಿಯನ್ನು ಬ್ರಷ್ಷಿನ ತುದಿಯಲ್ಲಿ ಮುಟ್ಟಿಸಬೇಕು. ಮಕ್ಕಳು ಉಲ್ಟಾ ಮಾಡ್ತಾರೆ. ನೀಲಿಗೆ ಹಳದಿ ಸುರಿದು ಸುರಿದು ಅರ್ಧ ಟ್ಯೂಬ್ ಖಾಲಿ, ಬಣ್ಣ ಮಾತ್ರ ಕದಲಲ್ಲ.

ನನ್ನದೂ ಒಂದು ತಪ್ಪೊಪ್ಪಿಗೆ ಇದೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ‘ಕೆಂಪು + ನೀಲಿ = ನೇರಳೆ’ ಅಂತ ಕಪ್ಪು ಹಲಗೆ ಮೇಲೆ ಬಿಳಿ ಚಾಕ್‌ಪೀಸಿನಲ್ಲಿ ಬರೆದು, ಮಕ್ಕಳ ಹತ್ತಿರ ಪೆನ್ಸಿಲಿನಲ್ಲಿ ಕಾಪಿ ಮಾಡಿಸಿದ್ದೇನೆ! ಪರೀಕ್ಷೆಯಲ್ಲಿ ಎಲ್ಲರೂ ಪಾಸು, ಬಣ್ಣ ಕಂಡವರು ಒಬ್ಬರೂ ಇಲ್ಲ.

ಬುದ್ಧಿ ಬಂದಿದ್ದು ಕೋಟೆಯಲ್ಲಿ. ವರ್ಷಕ್ಕೊಮ್ಮೆ ಏಳನೇ ಕ್ಲಾಸಿನವರನ್ನು ಏಳು ಸುತ್ತಿನ ಕೋಟೆಗೆ ಕರೆದುಕೊಂಡು ಹೋಗುತ್ತಿದ್ದೆ. ಬಂಡೆ ಕಂಡ ಕೂಡಲೇ ಎಲ್ಲರ ಬ್ರಷ್ಷೂ ನೇರವಾಗಿ ಕಂದು ಬಿಲ್ಲೆಗೆ. ಒಂದು ವರ್ಷ ಬಾಗಿಲಲ್ಲೇ ನಿಂತು ಎಲ್ಲರ ಬಾಕ್ಸಿನಿಂದ ಕಂದು, ಕಪ್ಪು ಕಿತ್ತು ಜೇಬಿಗೆ ಹಾಕಿಕೊಂಡೆ. ಗಲಾಟೆಯೋ ಗಲಾಟೆ. ಬೇರೆ ದಾರಿ ಇಲ್ಲದೆ ಬಂಡೆಯನ್ನು ನೋಡೋಕೆ ಶುರು ಮಾಡಿದರು. ಬಿಸಿಲು ಬಿದ್ದ ಮೈ ಹಳದಿ, ನಡುನಡುವೆ ಗುಲಾಬಿ. ನೆರಳಿನ ಮೈ ನೀಲಿ ಬೂದಿ. ಮಳೆ ನೀರು ಇಳಿದ ಜಾಡು ಕಪ್ಪು ಅಂತ ದೂರದಿಂದ ಕಾಣುತ್ತೆ, ಹತ್ತಿರ ಹೋದರೆ ಕಡು ಹಸಿರೂ ಇದೆ. ಒಬ್ಬ ಹುಡುಗ ತನ್ನ ತಟ್ಟೆಯಲ್ಲಿ ಕೆಟ್ಟುಹೋದ ಕೆಸರನ್ನೇ ನೀರು ಮಾಡಿ ಬಂಡೆಯ ಬುಡಕ್ಕೆ ಎಳೆದ. ಆ ದಿನ ಅದಕ್ಕಿಂತ ಒಳ್ಳೆ ನೆರಳು ಇನ್ನೊಬ್ಬರ ಹಾಳೆಯಲ್ಲಿ ಇರಲಿಲ್ಲ.

ಹಾಗಾಗಿ ಹುರುಳಿ ಸಾರನ್ನು ಚೆಲ್ಲಿಸಬೇಡಿ, ಒಂದು ಬಟ್ಟಲಲ್ಲಿ ಒಣಗಲು ಬಿಡಿ. ಬರ್ನ್ಟ್ ಸಿಯೆನ್ನಾ ಅನ್ನೋ ಕೆಂಗಂದು ಬಣ್ಣಕ್ಕೆ ಅಲ್ಟ್ರಾಮರೀನ್ ಸೇರಿಸಿದರೆ ಬರುವ ಬೂದು ಬಣ್ಣವನ್ನೂ ತೋರಿಸಿ, ನಮ್ಮ ಊರಿನ ಬಂಡೆಗೆಂದೇ ಮಾಡಿಟ್ಟ ಹಾಗಿದೆ. ಮಗಳಿಗೆ ಇನ್ನೊಂದು ಹೇಳಿ: ಅದೇ ಬಾಕ್ಸಿನ ಪ್ರಷ್ಯನ್ ಬ್ಲೂ ಹುಟ್ಟಿದ್ದು 1700ರ ದಶಕದ ಆರಂಭದಲ್ಲಿ, ಬರ್ಲಿನ್‌ನಲ್ಲಿ ಕೆಂಪು ಬಣ್ಣ ಮಾಡೋಕೆ ಹೋಗಿ ಕೆಟ್ಟಾಗ.

ದಾವಣಗೆರೆ, ಮದುವೆ ಕಾರ್ಡ್ ಪ್ರಿಂಟಿಂಗ್ ಕೆಲಸ

ಮೇಷ್ಟ್ರು ಹೇಳಿದ್ದು ಸರಿ. ನಮ್ಮ ಲೈನಲ್ಲಿ ಕೆಂಪು, ನೀಲಿ ಅನ್ನೋದೇ ಇಲ್ಲ ನೋಡ್ರಿ. ನ್ಯೂಸ್‌ಪೇಪರ್ ಹಾಳೆ ತಳದಲ್ಲಿ ನಾಲ್ಕು ಸಣ್ಣ ಚುಕ್ಕಿ ಇರ್ತಾವಲ್ಲ, ಸಯಾನ್ ಅನ್ನೋ ತಿಳಿ ನೀಲಿ, ಮಜೆಂಟಾ, ಹಳದಿ, ಕಪ್ಪು, ಅಷ್ಟರಲ್ಲೇ ಎಲ್ಲ ಹೊಡೀತೀವಿ. ಮಜೆಂಟಾ ಅಂದ್ರೆ ಸೀರೆ ಅಂಗಡಿಯವರ ರಾಣಿ ಕಲರ್. ರಾಣಿಗೆ ಹಳದಿ ಸೇರಿದ್ರೆ ಕೆಂಪು ಬರುತ್ತೆ, ಕೆಂಪಿಗೆ ಏನು ಸೇರಿಸಿದ್ರೂ ರಾಣಿ ಬರಲ್ಲ. ಮಕ್ಕಳಿಗೆ ಒಂದು ಭೂತಗನ್ನಡಿ ಕೊಟ್ಟು ಹಳೇ ಮದುವೆ ಕಾರ್ಡ್ ನೋಡಿಸಿ. ಗಣಪತಿ ಹೊಟ್ಟೆ ತುಂಬ ಬರೀ ಚುಕ್ಕಿ. ನಮ್ಮ ಹುಡುಗ ಅರ್ಧ ದಿನ ಅದರಲ್ಲೇ ಕಳೆದ.

ಹಳೇ ದಾವಣಗೆರೆ, ಇಬ್ಬರು ಮೊಮ್ಮಕ್ಕಳ ಅಜ್ಜಿ

ಟ್ಯೂಬು ಗೀಬು ನನಗೆ ತಿಳಿಯಲ್ಲವ್ವ. ನಮ್ಮ ಮನ್ಯಾಗೆ ಆರತಿ ನೀರಿನಿಂದ ಶುರು ಮಾಡಿದ್ದು. ಅರಿಶಿನ ಹಳದಿ, ಸುಣ್ಣ ಬಿಳಿ. ಎರಡೂ ಸೇರಿದ್ರೆ ತಿಳಿ ಹಳದಿ ಆಗ್ಬೇಕಲ್ಲ? ರಕ್ತದಂಗೆ ಕೆಂಪಾಗುತ್ತೆ. ಮೊಮ್ಮಗಳು ಬಾಯಿ ಬಿಟ್ಕೊಂಡು ನೋಡಿದ್ಲು. ಅದಕ್ಕೇ ನಿಂಬೆಹಣ್ಣು ಹಿಂಡಿದೆ, ವಾಪಸ್ ಹಳದಿ! ಇದು ಬೆರಕೆ ಅಲ್ಲಜ್ಜಿ, ಕೆಮಿಸ್ಟ್ರಿ ಅಂತ ಅವರಪ್ಪ ಹೇಳಿದ. ಏನೋ ಒಂದು, ಹುಡುಗ್ರು ಕೂತ ಜಾಗ ಬಿಟ್ಟು ಏಳಲಿಲ್ಲ.

ಸುಣ್ಣ ಮಾತ್ರ ಮಕ್ಕಳ ಕೈಗೆ ಕೊಡಬ್ಯಾಡ್ರಿ, ಕಣ್ಣಿಗೆ ಹಾರಿದ್ರೆ ಕಷ್ಟ. ಅಡುಗೆ ಸೋಡ ನೀರಾದ್ರೆ ಸಾಕು. ದಪ್ಪ ಹಾಳೆಗೆ ಅರಿಶಿನದ ನೀರು ಬಳಿದು ಒಣಗಿಸಿ, ಸೋಡ ನೀರಲ್ಲಿ ಕಡ್ಡಿ ಅದ್ದಿ ಎಳೆಸಿದೆ. ಕೆಂಪು ಗೆರೆ ಮೂಡುತ್ತೆ. ಅದನ್ನೇ ಕತ್ತರಿಸಿ ಬಾಗಿಲಿಗೆ ತೋರಣ ಮಾಡಿದ್ವಿ. ಬಿಸಿಲಿಗೆ ಬಣ್ಣ ಬೇಗ ಹಾರಿಹೋಗುತ್ತೆ, ಒಳಬಾಗಿಲಿಗೆ ಕಟ್ರಿ.

ಶಂಖಪುಷ್ಪದ ಹೂ ಬಿಸಿನೀರಾಗೆ ನೆನೆಸಿದ್ರೆ ನೀಲಿ. ಅರಿಶಿನದ ನೀರು ಒಂಚೂರು ಬಿಟ್ರೆ ಹಸಿರು, ನಿಂಬೆರಸ ಬಿಟ್ರೆ ನೇರಳೆ, ಇನ್ನೂ ಬಿಟ್ರೆ ಗುಲಾಬಿ. ಒಂದೊಂದು ಸ್ಟೀಲ್ ಲೋಟದಾಗೆ ಒಂದೊಂದು ಇಟ್ಟು, ಹತ್ತಿ ಉಂಡೆ ಅದ್ದಿ ಹತ್ತಿಹಾರ ಮಾಡಿಸಿದೆ. ಬಸಳೆ ಹಣ್ಣು ಹಿಚುಕಿದ ರಸ ಇಂಕಿನಂಗೆ ಬರುತ್ತೆ.

ದಾವಣಗೆರೆಯವರಾಗಿ ಮಂಡಕ್ಕಿ ಬಿಡ್ತೀವಾ? ಬಣ್ಣದ ಮಂಡಕ್ಕಿ ಅಂಟಿಸಿ ನವಿಲು ಮಾಡೋಣ ಅಂತ ಒಂದು ಸೇರು ಮಂಡಕ್ಕಿ ಬಣ್ಣದ ನೀರಿಗೆ ಹಾಕಿದೆ. ಒಂದೇ ನಿಮಿಷಕ್ಕೆ ಮೆತ್ತಗಾಗಿ ಒಗ್ಗರಣೆಗೆ ತಯಾರಾಯ್ತು! ಮೊಮ್ಮಗಳು ಉಪಾಯ ಹುಡುಕಿದ್ಲು. ಮೊದಲು ಹಾಳೆ ಮೇಲೆ ಅಂಟಿಸಿ ಒಣಗಿಸೋದು, ಆಮೇಲೆ ನೀರು ಕಡಿಮೆ ಮಾಡಿ ಗಟ್ಟಿ ಬಣ್ಣ ಬ್ರಷ್ಷಿನಾಗೆ ಮುಟ್ಟಿಸೋದು. ಪಕ್ಕಪಕ್ಕದ ಕಾಳಿನ ಬಣ್ಣ ಅಂಚಿನಾಗೆ ಕೂಡಿಕೊಂಡು ಅದರಷ್ಟಕ್ಕೆ ಅದೇ ಹಸಿರಾಗಿತ್ತು.

ಮೊಳಕಾಲ್ಮೂರಿನಿಂದ, ನೇಕಾರರ ಮನೆಯವನು

ಅಜ್ಜಿ, ನಿಮ್ಮ ಮಂಡಕ್ಕಿ ನವಿಲಿನ ಫೋಟೋ ಹಾಕಿ.

ನಾನು ಹೇಳೋದು ಬಣ್ಣ ಬೆರೆಸದೇ ಬೆರೆಸೋ ವಿಚಾರ. ಮಗ್ಗದಲ್ಲಿ ಹಾಸು (ಉದ್ದದ ಎಳೆ) ಕೆಂಪು, ಹೊಕ್ಕು (ಅಡ್ಡದ ಎಳೆ) ನೀಲಿ ಕೊಟ್ಟರೆ ಸೀರೆ ನೇರಳೆ ಥರ ಕಾಣುತ್ತೆ. ನೇರಳೆ ನೂಲು ಒಂದು ಎಳೆಯೂ ಇರಲ್ಲ. ಸೆರಗು ಮಡಿಸಿದರೆ ಒಂದು ಕಡೆ ಕೆಂಪು ಮಿಂಚುತ್ತೆ, ಇನ್ನೊಂದು ಕಡೆ ನೀಲಿ. ಮಗಳ ಅಜ್ಜಿಯ ಸೀರೆ ರೇಷ್ಮೆ ಆದರೆ ಬೆಳಕಿಗೆ ಹಿಡಿದು ತಿರುಗಿಸಿ ನೋಡಿ, ಅದೂ ಹೀಗೇ ನೇಯ್ದದ್ದಿರಬಹುದು.

ಮಕ್ಕಳಿಗೆ ಕಾಗದದ ನೇಯ್ಗೆ ಮಾಡಿಸಿ. ಅವರೇ ಬಳಿದ ಹಾಳೆಗಳನ್ನು ಸಣ್ಣ ಪಟ್ಟಿ ಕತ್ತರಿಸಿ, ಒಂದು ಮೇಲೆ ಒಂದು ಕೆಳಗೆ ಅಂತ ಹೆಣೆದು ಚಾಪೆ. ಪಟ್ಟಿ ಎಷ್ಟು ಸಣ್ಣದಿದ್ದರೆ ಅಷ್ಟು ಒಳ್ಳೇದು. ಗೋಡೆಗೆ ಅಂಟಿಸಿ ಬೀದಿಯ ಆ ಕಡೆ ನಿಂತು ನೋಡಲಿ. ನಮ್ಮ ಅಣ್ಣನ ಮಕ್ಕಳು ಹಳದಿ-ನೀಲಿ ಹೆಣೆದು, ದೂರದಿಂದ ಹಸಿರು ಕಾಣುತ್ತೆ ಅಂತ ಬಾಜಿ ಕಟ್ಟಿ ಸೋತರು. ಕಂಡಿದ್ದು ಬೂದಿ. ತಟ್ಟೆಯಲ್ಲಿ ಕಲಸಿದಾಗ ಎರಡೂ ಬಣ್ಣ ಬೆಳಕನ್ನು ನುಂಗಿ, ಎರಡೂ ಬಿಟ್ಟ ಹಸಿರು ಮಾತ್ರ ಉಳಿಯುತ್ತೆ. ಪಟ್ಟಿಯಲ್ಲಿ ಹಾಗಲ್ಲ, ಒಂದೊಂದು ಬಣ್ಣವೂ ತನ್ನ ಬೆಳಕನ್ನು ತಾನೇ ಕಳಿಸುತ್ತೆ, ಕಣ್ಣಿನಲ್ಲಿ ಬಂದು ಸೇರುತ್ತೆ. ಬುಗುರಿ ತಲೆಗೆ ರಟ್ಟಿನ ಬಿಲ್ಲೆ ಸಿಕ್ಕಿಸಿ ಅರ್ಧ ಹಳದಿ, ಅರ್ಧ ನೀಲಿ ಬಳಿದು ತಿರುಗಿಸಿದರೂ ಇದೇ ಕಥೆ.

ಹೊಳಲ್ಕೆರೆಯಿಂದ, ಹವ್ಯಾಸಕ್ಕೆ ಬಿಡಿಸುವವಳು

ಎಲ್ಲರೂ ಬಣ್ಣದ ಬಗ್ಗೆಯೇ ಹೇಳಿದ್ರಿ, ಹಾಳೆ ತೂತು ಬಿದ್ದಿದ್ದು ಯಾಕೆ ಅಂತ ಯಾರೂ ಕೇಳಲಿಲ್ಲ. ಡ್ರಾಯಿಂಗ್ ಬುಕ್ಕಿನ ತೆಳು ಹಾಳೆಗೆ ನೀರು ಬಿದ್ದರೆ ಹಪ್ಪಳದ ಹಾಗೆ ಸುರುಟುತ್ತೆ, ಎರಡು ಸಲ ಉಜ್ಜಿದರೆ ಸಿಪ್ಪೆ ಏಳುತ್ತೆ. 300 ಜಿಎಸ್‌ಎಂ ಅಂತ ಬರೆದಿರೋ ದಪ್ಪ ಹಾಳೆ ಒಂದು ತಗೊಂಡು ಎಂಟು ತುಂಡು ಮಾಡಿ. ಬಣ್ಣದ ಮೇಲೆ ಖರ್ಚು ಮಾಡೋ ದುಡ್ಡು ಹಾಳೆಗೆ ಹಾಕಿದ್ರೆ ಮಗು ಅಳೋದು ಅರ್ಧ ಕಡಿಮೆಯಾಗುತ್ತೆ.

ಎರಡು ಲೋಟ ನೀರು ಇರಲಿ, ಒಂದು ತೊಳೆಯೋಕೆ, ಒಂದು ಬಣ್ಣಕ್ಕೆ. ನಮ್ಮ ಬೋರ್ ನೀರಿನಲ್ಲಿ ಬರೆದರೆ ಕಡು ಬಣ್ಣದ ಮೇಲೆ ಒಣಗಿದಾಗ ಬೆಳ್ಳಗೆ ಪುಡಿ ಕೂತ ಹಾಗಾಗ್ತಿತ್ತು, ಕುಡಿಯೋ ಫಿಲ್ಟರ್ ನೀರು ಬಳಸಿದ ಮೇಲೆ ನಿಂತಿದೆ. ಆಮೇಲೆ ಏಪ್ರಿಲ್‌ನಲ್ಲಿ ಫ್ಯಾನ್ ಕೆಳಗೆ ಕೂರಿಸಬೇಡಿ. ಒಂದು ಬಣ್ಣ ಹಸಿ ಇರುವಾಗಲೇ ಇನ್ನೊಂದು ಬಿಟ್ಟರೆ ಹಾಳೆ ಮೇಲೇ ಬೆರೆಯೋದನ್ನ ನೋಡಬಹುದು, ಅದೇ ಚೆಂದ. ನಮ್ಮ ಕಡೆಯ ಬಿಸಿಲಿಗೆ ಬ್ರಷ್ ಎತ್ತೋದರೊಳಗೆ ಒಣಗಿರುತ್ತೆ. ಬೆಳಿಗ್ಗೆ ಎಂಟರೊಳಗೆ ಮಾಡಿಸಿ.

ಕೇಳಿದವರು, ಹನ್ನೆರಡು ದಿನದ ನಂತರ

ಎಲ್ಲರಿಗೂ ಥ್ಯಾಂಕ್ಸ್. ಮೇಷ್ಟ್ರೇ, ನೀವು ಹೇಳಿದ್ದು ನಿಜ, ಅವಳು ಹಾಕಿದ್ದು ಮೆಣಸಿನಕಾಯಿ ಕೆಂಪು. 24ರಲ್ಲಿ ಐದು ಬಿಟ್ಟು ಉಳಿದದ್ದನ್ನ ಸೆಲ್ಲೋಟೇಪ್ ಹಾಕಿ ಮುಚ್ಚಿದೆ. ಎರಡು ದಿನ ಮುಖ ಊದಿಸಿಕೊಂಡಿದ್ದಳು. ಮೂರನೇ ದಿನ ಕ್ರಿಮ್ಸನ್, ಅಲ್ಟ್ರಾಮರೀನ್‌ನಲ್ಲಿ ಬದನೆಕಾಯಿ ಬಂತು.

ಒಂದು ಕೆಲಸ ನಾವೇ ಸೇರಿಸಿಕೊಂಡಿದ್ದು ಹೇಳ್ತೀನಿ. ಬೆರೆಸಿದ ಪ್ರತಿ ಬಣ್ಣಕ್ಕೂ ಸಣ್ಣ ಚೌಕ ಬಳಿದು, ಹಿಂದೆ ಏನು ಎಷ್ಟು ಅಂತ ಬರೆದು, ಮುಂದೆ ಹೆಸರಿಡೋದು. ನನಗೆ ಸೀರೆ ಅಂಗಡಿ ಭಾಷೆ ಬಿಟ್ಟು ಬೇರೆ ಬರಲ್ಲ, ಗಿಳಿ ಹಸಿರು, ಈರುಳ್ಳಿ ಸಿಪ್ಪೆ, ಆನಂದ ನೀಲಿ, ಇಟ್ಟಿಗೆ ಬಣ್ಣ ಅಂತ ಹೇಳಿಕೊಟ್ಟೆ. ಮಕ್ಕಳು ಅಲ್ಲಿಗೇ ನಿಲ್ಲಿಸಲಿಲ್ಲ. ‘ಬೆಣ್ಣೆ ದೋಸೆ ಅಂಚು’, ‘ದೋಸೆ ನಡು’ ಅಂತ ಎರಡು ಬೇರೆ ಬೇರೆ ಚೌಕ ಇವೆ. ಹಳದಿ ಎರಡರಲ್ಲೂ ಒಂದೇ, ಅಂಚಿಗೆ ಬರ್ನ್ಟ್ ಸಿಯೆನ್ನಾ ಎರಡು ಹನಿ ಹೆಚ್ಚು. ಒಟ್ಟು 41 ಚೌಕ ಆಗಿವೆ, ದಾರಕ್ಕೆ ಪೋಣಿಸಿ ಕಿಟಕಿಗೆ ಕಟ್ಟಿದಾರೆ. ‘ಹುರುಳಿ ಸಾರು’ ಅನ್ನೋ ಚೌಕವೂ ಇದೆ. ಭಾನುವಾರ ದುರ್ಗಕ್ಕೆ ಹೋಗೋದಿದೆ, ಅದರ ಬಟ್ಟಲನ್ನ ಮುಚ್ಚಿ ಎತ್ತಿಟ್ಟಿದಾಳೆ.

ಅಜ್ಜಿ, ಒಂದು ತುರ್ತು ಪ್ರಶ್ನೆ. ಬಸಳೆ ಹಣ್ಣಿನ ರಸ ಪಕ್ಕದ ಮನೆ ಹುಡುಗನ ಹೊಸ ಬಿಳಿ ಶರ್ಟಿನ ಮೇಲೆ ಬಿದ್ದಿದೆ. ನಿಂಬೆಹಣ್ಣು ಹಾಕ್ಲಾ, ಸೋಡ ಹಾಕ್ಲಾ? ಅವರಮ್ಮ ಸಂಜೆ ಬರ್ತಾರೆ.